ಯಮುನಕ್ಕನ ಅಪ್ಪ

'ಘಟಶ್ರಾದ್ಧ' ಸಿನಿಮಾದ ಮಾತು ಬಂದರೆ ನಮ್ಮ ಕಡೆ ಜನ ಎರಡು ಪಂಗಡ ಆಗಿಬಿಡುತ್ತಾರೆ. ಒಬ್ಬರಿಗೆ ಅದು ಬ್ರಾಹ್ಮಣರನ್ನು ಬೈಯುವ ಸಿನಿಮಾ. ಇನ್ನೊಬ್ಬರಿಗೆ ಅದು ಸಂಪ್ರದಾಯದ ಬಣ್ಣ ಬಯಲು ಮಾಡಿದ ಸಿನಿಮಾ. ವಾದ ಜೋರಾದಷ್ಟೂ ಆ ಕಥೆಯ ವಿಧವೆ ಹುಡುಗಿ ಯಮುನಕ್ಕ ಹಿಂದೆ ಸರಿಯುತ್ತಾಳೆ. ಅವಳ ಅಪ್ಪನನ್ನಂತೂ ಯಾರೂ ಸರಿಯಾಗಿ ನೋಡುವುದೇ ಇಲ್ಲ. ನನಗೆ ಮಾತ್ರ ಇದು ಮೊದಲಿನಿಂದಲೂ ಒಬ್ಬ ಅಪ್ಪ ಮತ್ತು ಮಗಳ ಕಥೆ. ಒಂದೇ ಸೂರಿನ ಕೆಳಗೆ ಇದ್ದು, ಒಬ್ಬರ ಕೈ ಅಡುಗೆ ಇನ್ನೊಬ್ಬರು ಉಂಡು, ಆದರೂ ಒಂದು ಮಾತು ಕೇಳುವುದಕ್ಕೆ ಆಗದೆ ಹೋದವರ ಕಥೆ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಗಿರೀಶ್ ಕಾಸರವಳ್ಳಿ ಅವರ ಮೊದಲ ಸಿನಿಮಾ ಇದು, 1977ರದ್ದು. ಕಥೆ ಯು. ಆರ್. ಅನಂತಮೂರ್ತಿಯವರದು. ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನವರೇ, ಒಬ್ಬರು ಕೆಸಲೂರು, ಇನ್ನೊಬ್ಬರು ಮೇಳಿಗೆ. ಅನಂತಮೂರ್ತಿಯವರ ಓದು ಶುರುವಾಗಿದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಹಾಗಾಗಿ ಕಥೆಯಲ್ಲಿ ಬರುವ ವೇದ ಪಾಠಶಾಲೆ, ಅಲ್ಲಿನ ಮಾಣಿಗಳು, ನಸುಕಿನ ಚಳಿ, ದೊಡ್ಡ ಹುಡುಗರ ಕಾಟ ಯಾವುದೂ ಹೊರಗಿನಿಂದ ಕಂಡು ಬರೆದದ್ದಲ್ಲ. ಕಪ್ಪು ಬಿಳುಪು ಸಿನಿಮಾ. ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ. ವಿ. ಕಾರಂತರ ಸಂಗೀತ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಆ ವರ್ಷ ಇದಕ್ಕೇ ಬಂತು. ಕಾರಂತರಿಗೂ, ನಾಣಿ ಅನ್ನುವ ಸಣ್ಣ ಮಾಣಿಯ ಪಾತ್ರ ಮಾಡಿದ ಹುಡುಗನಿಗೂ ರಾಷ್ಟ್ರಪ್ರಶಸ್ತಿ ಬಂತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದರ ಹೊಸದಾಗಿ ಸರಿಪಡಿಸಿದ ಪ್ರತಿಯನ್ನು ತೋರಿಸಿದರು. ಇಷ್ಟೆಲ್ಲ ಆದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಇದನ್ನು ಪೂರ್ತಿ ನೋಡಿದವರು ಕಡಿಮೆ. ನೋಡದೆ ಸಿಟ್ಟಾದವರು ಜಾಸ್ತಿ.

ಕಥೆ ಹೀಗೆ. ಶೇಷಗಿರಿ ಉಡುಪರು ಒಂದು ಅಗ್ರಹಾರದಲ್ಲಿ ವೇದ ಪಾಠಶಾಲೆ ನಡೆಸುತ್ತಾರೆ. ಮಗಳು ಯಮುನಾ ಚಿಕ್ಕ ವಯಸ್ಸಿಗೇ ವಿಧವೆ. ಮನೆ, ಅಡುಗೆ, ಹುಡುಗರು ಎಲ್ಲ ಅವಳ ಮೇಲೆ. ಹೊಸದಾಗಿ ಬಂದ ಸಣ್ಣ ಹುಡುಗ ನಾಣಿಗೆ ಅವಳೇ ಅಮ್ಮ, ಅವಳೇ ಅಕ್ಕ. ಊರಿನ ಸ್ಕೂಲ್ ಮೇಷ್ಟ್ರ ಜೊತೆ ಅವಳಿಗೆ ಸಂಬಂಧವಿದೆ. ಉಡುಪರು ಪಾಠಶಾಲೆಗೆ ಹಣ ಹೊಂದಿಸಲು ಊರು ಬಿಟ್ಟು ಹೋದಾಗ ಅವಳು ಬಸುರಿ ಅನ್ನುವುದು ಊರಿಗೆ ಗೊತ್ತಾಗುತ್ತದೆ. ಮೇಷ್ಟ್ರು ಬಸಿರು ತೆಗೆಸಿ ಕೈ ತೊಳೆದುಕೊಂಡು ಹೋಗುತ್ತಾನೆ. ಅಪ್ಪ ವಾಪಸ್ ಬಂದು, ಕೊಡ ಒಡೆದು, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾರೆ. ಘಟಶ್ರಾದ್ಧ ಅಂದರೆ ಅದೇ.

ಶಿವಮೊಗ್ಗದಲ್ಲಿ ಒಮ್ಮೆ ಸಣ್ಣ ಹಾಲ್ ಒಂದರಲ್ಲಿ ಈ ಸಿನಿಮಾ ಹಾಕಿದ್ದರು. ಮುಗಿದ ಮೇಲೆ ಚರ್ಚೆ ಇತ್ತು. ಹಿರಿಯರೊಬ್ಬರು ಎದ್ದು ನಿಂತರು. ಅವರ ಕೈ ಸಣ್ಣಗೆ ನಡುಗುತ್ತಿತ್ತು. "ನಮ್ಮ ಮನೆಗಳಲ್ಲಿ ಇದಷ್ಟೇ ಇತ್ತಾ? ಬರಗಾಲದಲ್ಲಿ ಹತ್ತು ಮನೆ ಮಕ್ಕಳಿಗೆ ಅನ್ನ ಹಾಕಿ ಓದಿಸಿದ್ದೂ ನಾವೇ ಅಲ್ವಾ, ಅದನ್ನ ಯಾಕೆ ಯಾರೂ ತೋರಿಸಲ್ಲ?" ಅಂದರು. ಹಿಂದಿನ ಸಾಲಿನ ಹುಡುಗರು ನಕ್ಕರು. ನನಗೆ ಆ ನಗು ಹಿಡಿಸಲಿಲ್ಲ. ಅವರ ಸಂಕಟ ಸುಳ್ಳಲ್ಲ. ಅಗ್ರಹಾರದ್ದೇ ಕಥೆಯಿದ್ದ 'ಸಂಸ್ಕಾರ' ಸಿನಿಮಾಕ್ಕೆ 1970ರಲ್ಲಿ ಸೆನ್ಸಾರ್‌ನವರು ತಡೆ ಹಾಕಿದ್ದರು, ಆಮೇಲೆ ಅದು ಬಿಡುಗಡೆಯಾಗಿ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ಅಲ್ಲಿಂದ ಮುಂದೆ ಕನ್ನಡದ ಹೊಸ ಅಲೆಯ ಸಿನಿಮಾ ಮತ್ತೆ ಮತ್ತೆ ಅಗ್ರಹಾರದ ಬಾಗಿಲು ತಟ್ಟಿದ್ದು ನಿಜ. ತಮ್ಮ ಮನೆಯ ಒಳಗಿನದು ಪರದೆಯ ಮೇಲೆ ಬಂದಾಗ ಯಾರಿಗೇ ಆದರೂ ಮೈ ಉರಿಯುತ್ತದೆ.

ಆದರೆ ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಈ ಸಿನಿಮಾದ ಉಡುಪರು ಕೂಡ ಹುಡುಗರಿಗೆ ಅನ್ನ ಹಾಕಿ ಓದಿಸಿದವರೇ. ಸಿನಿಮಾ ಅದನ್ನು ಮುಚ್ಚಿಟ್ಟಿಲ್ಲ. ಅವರು ಲಂಪಟರಲ್ಲ, ಮೋಸಗಾರರಲ್ಲ, ಮಗಳಿಗೆ ಹೊಡೆಯುವವರಲ್ಲ. ಸಾತ್ವಿಕ ಮನುಷ್ಯ. ಪಾಠಶಾಲೆ ಉಳಿಯಲಿ ಅಂತ ಊರೂರು ಅಲೆಯುವ ಮನುಷ್ಯ. ಅವರು ಕೆಟ್ಟವರಾಗಿದ್ದರೆ ನಮಗೆಲ್ಲ ಎಷ್ಟು ಸುಲಭ ಆಗುತ್ತಿತ್ತು! ಕೆಟ್ಟವನೊಬ್ಬ ಕೆಟ್ಟ ಕೆಲಸ ಮಾಡಿದ, ಮುಗಿಯಿತು, ಎದ್ದು ಮನೆಗೆ ಹೋಗಬಹುದಿತ್ತು. ಒಳ್ಳೆಯ ಮನುಷ್ಯನ ಕೈಯಲ್ಲಿ ಈ ಕೆಲಸ ಆಗುತ್ತದಲ್ಲ, ಅದನ್ನು ನೋಡುತ್ತಾ ಕೂರುವುದು ಕಷ್ಟ.

ಅಪ್ಪ ಮಗಳ ಎದುರು ಕೂತು "ಏನಾಯ್ತಮ್ಮಾ?" ಅಂತ ಕೇಳುವ ಒಂದು ದೃಶ್ಯಕ್ಕೆ ನಾನು ಪ್ರತಿ ಸಲ ಕಾಯುತ್ತೇನೆ. ಬರುವುದಿಲ್ಲ ಅಂತ ಗೊತ್ತಿದ್ದೂ ಕಾಯುತ್ತೇನೆ. ಬೈದಿದ್ದರೂ ಆಗಿತ್ತು. ಬೈಗುಳ ಅಂದರೆ ಅದೂ ಒಂದು ಮಾತು, ಅದಕ್ಕೆ ಎದುರು ಮಾತು ಆಡಬಹುದು, ಅಳಬಹುದು, ಕಾಲು ಹಿಡಿಯಬಹುದು. ಊರಿನವರ ಮಾತು ಕಿವಿಗೆ ಬಿದ್ದ ಮೇಲೆ ಉಡುಪರ ಮುಂದೆ ಮಗಳು ಇಲ್ಲ, ದೋಷ ಇದೆ, ದೋಷಕ್ಕೆ ವಿಧಿ ಇದೆ. ವಿಧಿ ಗೊತ್ತಿರುವ ಮನುಷ್ಯ ವಿಧಿಯ ಹಿಂದೆ ಅಡಗಿಕೊಳ್ಳುತ್ತಾನೆ. ಜೀವನವಿಡೀ ಓದಿದ್ದು ಆ ಹೊತ್ತಿಗೆ ಮಗಳ ಮುಖ ನೋಡದೆ ಇರುವುದಕ್ಕೆ ಉಪಯೋಗಕ್ಕೆ ಬಂತು. ಕೊನೆಗೆ ಅವರು ಹರೆಯದ ಹುಡುಗಿಯೊಬ್ಬಳನ್ನು ಮದುವೆಯಾಗುವ ಸುದ್ದಿ ಬರುತ್ತದೆ. ಆ ಸುದ್ದಿ ಕೇಳಿ ಹಾಲ್‌ನಲ್ಲಿ ಕೆಲವರು 'ಥೂ' ಅಂದರು. ನನಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಸುದ್ದಿ ಎಷ್ಟು ಸಲೀಸಾಗಿ ಬರುತ್ತದೆ ಅನ್ನುವುದು. ಯಾರ ದನಿಯೂ ಏರುವುದಿಲ್ಲ.

ಇನ್ನು ಆ ವಿಧಿ. ಸಂಪ್ರದಾಯದ ಪರ ಮಾತಾಡುವವರೂ ವಿರುದ್ಧ ಮಾತಾಡುವವರೂ ಇದನ್ನು ಒಂದು ಸಲ ಓದಬೇಕು. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ಇದು ಬರುತ್ತದೆ. ಪತಿತರಾದವರಿಗೆ ಊರ ಹೊರಗೆ, ಅಶುಭ ದಿನದ ಸಂಜೆ, ನೆಂಟರು ಪುರೋಹಿತರು ಗುರುಗಳ ಎದುರು, ಸತ್ತವರಿಗೆ ಬಿಡುವ ಹಾಗೆ ನೀರು ಬಿಡಬೇಕು. ದಾಸಿಯೊಬ್ಬಳು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಮನೆಯವರಿಗೆ ಒಂದು ಹಗಲು ಒಂದು ರಾತ್ರಿ ಸೂತಕ. ಆಮೇಲೆ ಆ ಮನುಷ್ಯನ ಜೊತೆ ಮಾತಿಲ್ಲ, ಒಟ್ಟಿಗೆ ಕೂರುವಂತಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಕ್ರೂರವೇ. ಆದರೆ ಅದೇ ಅಧ್ಯಾಯ ಅಲ್ಲಿಗೆ ನಿಲ್ಲುವುದಿಲ್ಲ. ಪ್ರಾಯಶ್ಚಿತ್ತ ಆದ ಮೇಲೆ ನೆಂಟರೆಲ್ಲ ಅವನ ಜೊತೆ ಪುಣ್ಯತೀರ್ಥದಲ್ಲಿ ಮುಳುಗಿ, ಹೊಸ ಕೊಡ ತುಂಬಿ ನೀರಿಗೆ ಹಾಕಿ, ವಾಪಸ್ ಒಳಗೆ ಕರೆದುಕೊಳ್ಳಬೇಕು ಅನ್ನುತ್ತದೆ. ಹೆಂಗಸರ ವಿಷಯದಲ್ಲಿ ಇನ್ನೂ ಒಂದು ಮಾತು ಇದೆ. ಪತಿತಳಾದ ಹೆಂಗಸಿಗೂ ಇದೇ ವಿಧಿ, ಆದರೆ ಅವಳಿಗೆ ಊಟ ಬಟ್ಟೆ ಕೊಡಬೇಕು, ಮನೆಯ ಹತ್ತಿರವೇ ಇರಲು ಜಾಗ ಕೊಡಬೇಕು ಅಂತ.

ಮನುವಿನ ವಕಾಲತ್ತು ನನಗೆ ಬೇಡ. ಆ ಪುಸ್ತಕದಿಂದ ಹೆಣ್ಣುಮಕ್ಕಳಿಗೆ ಆದ ಅನ್ಯಾಯ ಸಣ್ಣದಲ್ಲ. ಆದರೂ ಅಷ್ಟು ಕಠಿಣ ಪುಸ್ತಕ ಕೂಡ ಒಂದು ತುತ್ತು ಅನ್ನ, ಒಂದು ಸೂರು, ಒಂದು ಹಿಂದಿರುಗುವ ದಾರಿ ಇಟ್ಟಿತ್ತು. ಶಾಸ್ತ್ರ ಬಲ್ಲ ಉಡುಪರಿಗೆ ಇದು ಗೊತ್ತಿರಲಿಲ್ಲವೇ? ಕೊಡ ಉರುಳಿಸುವ ಶ್ಲೋಕ ಮಾತ್ರ ನೆನಪಾಗಿ, ಅನ್ನ ಹಾಕುವ ಶ್ಲೋಕ ಯಾಕೆ ಮರೆಯಿತು? ನನ್ನ ಉತ್ತರ ಇಷ್ಟೇ. ಅಲ್ಲಿ ನಡೆದದ್ದು ಶಾಸ್ತ್ರವಲ್ಲ, ಊರಿನ ಹೆದರಿಕೆ. ನಾಲ್ಕು ಜನ ಏನಂದಾರು ಅನ್ನುವ ಹೆದರಿಕೆಗೆ ಶಾಸ್ತ್ರದ ಹೆಸರು ಇಟ್ಟುಕೊಂಡರು. ಮೇಷ್ಟ್ರಿಗಂತೂ ಯಾರೂ ಯಾವ ಕೊಡವನ್ನೂ ಒಡೆಯಲಿಲ್ಲ. ಕಾನೂನೂ ಇತ್ತು. ವಿಧವೆ ಮತ್ತೆ ಮದುವೆಯಾಗಬಹುದು ಅಂತ 1856ರಲ್ಲೇ ಬ್ರಿಟಿಷರ ಸರ್ಕಾರ ಕಾಯ್ದೆ ಮಾಡಿತ್ತು. ಅದು ಮಲೆನಾಡಿನ ಒಂಟಿ ಮನೆಗಳ ಜಗಲಿ ಹತ್ತುವ ಹೊತ್ತಿಗೆ ಎಷ್ಟು ಯಮುನಕ್ಕಂದಿರ ತಲೆ ಬೋಳಾಯಿತೋ.

ನಾನು ಈ ಸಿನಿಮಾವನ್ನು ದೂರ ನಿಂತು ನೋಡಲಾರೆ. ನಮ್ಮ ಮನೆಯಲ್ಲೂ ಒಬ್ಬಳು ಇದ್ದಾಳೆ. ನನ್ನ ಅಪ್ಪನ ತಂಗಿ, ನನ್ನ ಅತ್ತೆ. ಎಂಬತ್ತರ ದಶಕದಲ್ಲಿ ಬೇರೆ ಜಾತಿಯವರನ್ನು ಮದುವೆಯಾಗಿ ಭದ್ರಾವತಿಗೆ ಹೋದಳು. ಅಜ್ಜ ಅವತ್ತು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರಂತೆ. ಒದ್ದೆ ಬಟ್ಟೆಯಲ್ಲೇ ಒಳಗೆ ಬಂದು, "ಇವತ್ತಿಗೆ ಎಳ್ಳುನೀರು ಬಿಟ್ಟೆ" ಅಂದರಂತೆ. ಅಷ್ಟೇ. ಪುರೋಹಿತರು ಬರಲಿಲ್ಲ, ಕೊಡ ಒಡೆಯಲಿಲ್ಲ. ಆದರೆ ಆಮೇಲೆ ನಡೆದದ್ದು ಪೂರಾ ಅದೇ. ಜಗಲಿಯ ಗೋಡೆಯಲ್ಲಿದ್ದ ಮಕ್ಕಳ ಫೋಟೋ ಕೆಳಗಿಳಿಯಿತು. ಮನೆಯ ಲಗ್ನಪತ್ರಿಕೆಗಳಲ್ಲಿ ಅವಳ ಹೆಸರು ಅಚ್ಚಾಗಲಿಲ್ಲ. ನಾವು ಮಕ್ಕಳು ಅತ್ತೆಯಂದಿರ ಹೆಸರು ಹೇಳುವಾಗ ಅವಳದ್ದು ಬಂದರೆ ದೊಡ್ಡವರು ಎದ್ದು ಕೊಟ್ಟಿಗೆ ಕಡೆ ಹೋಗುತ್ತಿದ್ದರು. ಅಜ್ಜ ಕೂಡ ಕೆಟ್ಟವರಲ್ಲ. ಆಳಿನ ಮಗುವಿಗೆ ಜ್ವರ ಬಂದರೆ ರಾತ್ರಿಯಲ್ಲಿ ಲಾಟೀನು ಹಿಡಿದು ಔಷಧಿ ತರಲು ಹೋದವರು.

ಅಜ್ಜಿ ಮಾತ್ರ ಬೇರೆ ದಾರಿ ಹಿಡಿದಿದ್ದಳು. ನಮ್ಮ ಕಡೆ ಖಾಸಗಿ ಬಸ್ಸುಗಳಲ್ಲಿ ಜನರಷ್ಟೇ ಹೋಗುವುದಿಲ್ಲ, ಸಾಮಾನೂ ಹೋಗುತ್ತದೆ. ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಬೇಕಾದ ಸ್ಟಾಪಿನಲ್ಲಿ ಇಳಿಸುತ್ತಾನೆ. ಅಪ್ಪೆಮಿಡಿ ಕಾಲ ಬಂದಾಗ ಅಜ್ಜಿ ಮಿಡಿ ಆರಿಸಿ, ತೊಟ್ಟು ಸ್ವಲ್ಪ ಬಿಟ್ಟು, ಉಪ್ಪಿಗೆ ಹಾಕಿ, ಮಿಡಿ ಸುಕ್ಕಾದ ಮೇಲೆ ಸಾಸಿವೆ ಖಾರ ಅರೆದು ಕಲಸುತ್ತಿದ್ದಳು. ಮನೆಗೆ ದೊಡ್ಡ ಭರಣಿ. ಹಿತ್ತಲಿನಲ್ಲಿ, ಸೌದೆ ರಾಶಿಯ ಹಿಂದೆ, ಒಂದು ಸಣ್ಣ ಹಾರ್ಲಿಕ್ಸ್ ಬಾಟಲಿ. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಬಾಳೆನಾರು ಸುತ್ತಿ, ಎಣ್ಣೆ ಸೋರದ ಹಾಗೆ ಬೂದಿ ಹಾಕಿದ ಡಬ್ಬದಲ್ಲಿ ಕೂರಿಸಿ ಬೆಳಗಿನ ಬಸ್ಸಿಗೆ ಕೊಡುತ್ತಿದ್ದಳು. ಹೆಸರಿಲ್ಲ, ಚೀಟಿ ಇಲ್ಲ. ಕಂಡಕ್ಟರ್‌ಗೆ ಯಾರಿಗೆ ಅಂತ ಗೊತ್ತಿತ್ತು. ಅಜ್ಜನಿಗೂ ಗೊತ್ತಿತ್ತು ಅಂತ ಈಗ ನನಗೆ ಅನ್ನಿಸುತ್ತದೆ. ಅವರು ಆ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೋಗಿಬಿಡುತ್ತಿದ್ದರು.

ಸಿನಿಮಾದಲ್ಲಿ ಉಡುಪರು ಹೆಂಡತಿಯನ್ನು ಕಳೆದುಕೊಂಡವರು. ಅತ್ತೆ ಈ ಸಿನಿಮಾ ನೋಡಿದಾಗ ಅವಳಿಗೆ ಮೊದಲು ಕಂಡದ್ದೇ ಅದು. "ಯಮುನಕ್ಕನಿಗೆ ಅಮ್ಮ ಇರಲಿಲ್ಲ, ನೋಡು. ನಂಗೆ ಇದ್ದಳು" ಅಂದಳು. ಅಪ್ಪಂದಿರ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದರೆ ಅವಳು ನೋಡಿದ್ದೇ ಬೇರೆ. ಅಡುಗೆಮನೆಯಲ್ಲಿ ಇನ್ನೊಬ್ಬ ಹೆಂಗಸು ಇದ್ದಿದ್ದರೆ ಆ ಹುಡುಗಿ ನಡುರಾತ್ರಿ ಕಾಡಿಗೆ ಹೋಗಿ ಹುತ್ತದೊಳಗೆ ಕೈ ಇಟ್ಟು ಕೂರುತ್ತಿರಲಿಲ್ಲ ಅನ್ನುವುದು ಅವಳ ಲೆಕ್ಕ.

ಆ ಹುತ್ತದ ದೃಶ್ಯ. ನೋಡಿದವರು ಯಾರೂ ಮರೆಯುವುದಿಲ್ಲ. ಹಾವು ಕಚ್ಚಲಿ ಅಂತ ಅವಳು ಹುತ್ತದ ಬಾಯಿಗೆ ಕೈ ಹಾಕುತ್ತಾಳೆ. ಪಕ್ಕದಲ್ಲಿ ಆ ಸಣ್ಣ ಹುಡುಗ. ಮಲೆನಾಡಿನ ರಾತ್ರಿ ಗೊತ್ತಿದ್ದವರಿಗೆ ಅದು ಇನ್ನೂ ಜಾಸ್ತಿ ತಾಗುತ್ತದೆ. ನಾವು ಹುತ್ತಕ್ಕೆ ಹಾಲೆರೆದು ಕೈ ಮುಗಿಯುವ ಜನ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು, ಅಣ್ಣತಮ್ಮಂದಿರಿಗೆ ಒಳ್ಳೆಯದಾಗಲಿ ಅಂತ ಅದೇ ಹುತ್ತದ ಮುಂದೆ ಬೇಡಿಕೊಳ್ಳುತ್ತಾರೆ. ತವರಿನ ಬಾಗಿಲು ಮುಚ್ಚುತ್ತದೆ ಅಂತ ಗೊತ್ತಾದ ಹುಡುಗಿ ಆ ಹುತ್ತದ ಹತ್ತಿರವೇ ಹೋಗಿ ಸಾವು ಕೇಳುತ್ತಾಳೆ. ನಾಣಿಗೆ ಇದೆಲ್ಲ ಏನೂ ಅರ್ಥ ಆಗುವುದಿಲ್ಲ. ಹೆದರಿಕೆ ಮಾತ್ರ ಅರ್ಥ ಆಗುತ್ತದೆ. ಆದರೂ ಇಡೀ ಊರಿನಲ್ಲಿ ಅವಳ ಜೊತೆ ಅಷ್ಟು ದೂರ ಬಂದವನು ಅವನೊಬ್ಬನೇ.

ಇದು ಹಳೇ ಕಾಲದ್ದು, ಈಗ ಹಾಗೆಲ್ಲ ಇಲ್ಲ ಅನ್ನುವವರಿಗೆ ನಮ್ಮ ಮನೆಯ ಇನ್ನೊಂದು ವಿಷಯ ಹೇಳಬೇಕು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಕಾಯ್ದೆ ತಿದ್ದಿತು. ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಅದು ದಕ್ಕಲಿಲ್ಲ. 2005ರಲ್ಲಿ ಕೇಂದ್ರವೇ ತಿದ್ದುಪಡಿ ತಂದ ಮೇಲೆ ಮದುವೆಯಾದವರು, ಆಗದವರು ಅನ್ನುವ ಭೇದ ಹೋಯಿತು. ಆಮೇಲೆ ನಮ್ಮ ಮನೆಯ ತೋಟ ಪಾಲಾಗುವಾಗ ಅತ್ತೆಯ ಸಹಿ ಇಲ್ಲದೆ ಕಾಗದ ಆಗುವುದಿಲ್ಲ ಅಂತ ವಕೀಲರು ಹೇಳಿದರು. ಎಳ್ಳುನೀರು ಬಿಟ್ಟ ಮನೆಯಿಂದ ಗಂಡಸರು ಮೊದಲ ಸಲ ಅವಳ ಬಾಗಿಲಿಗೆ ಹೋದದ್ದು ಹಕ್ಕು ಖುಲಾಸೆ ಪತ್ರ ಹಿಡಿದು, ಅಂದರೆ ಅವಳು ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದ. ಹೋದವರಲ್ಲಿ ನನ್ನ ಅಪ್ಪನೂ ಇದ್ದರು. ಅವಳು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಕಾಲಿಗೆ ನೀರು ಕೊಟ್ಟಳು. ಚಪಾತಿ ಮಾಡಿ ಬಡಿಸಿದಳು. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಆಮೇಲೆ ಪೆನ್ನು ವಾಪಸ್ ಕೊಡುತ್ತಾ, "ಅಮ್ಮನ ತಿಥಿ ಯಾವತ್ತು?" ಅಂತ ಕೇಳಿದಳಂತೆ. ಅಜ್ಜಿ ಸತ್ತಾಗ ಯಾರೂ ಅವಳಿಗೆ ಹೇಳಿರಲಿಲ್ಲ. ಆ ವರ್ಷ ಉಪ್ಪಿನಕಾಯಿ ಬರದೆ ಇದ್ದಾಗ ಅವಳಿಗೆ ಅನುಮಾನ ಬಂದು, ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ಕೇಳಿ ತಿಳಿದುಕೊಂಡಿದ್ದಳು.

ಇದನ್ನು ನನಗೆ ಹೇಳಿದ್ದು ಅಪ್ಪ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅತ್ತೆಯಂತೂ ಈ ವಿಷಯ ಎಂದೂ ಎತ್ತಿಲ್ಲ.

ಹಾಗಾಗಿ ಇದು ಒಂದು ಜಾತಿಯ ಕಥೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇದರಲ್ಲಿರುವ ಮಂತ್ರ, ಮಡಿ, ಬೋಳಿಸಿದ ತಲೆ ಒಂದು ಜಾತಿಯವು, ಹೌದು, ಅದನ್ನು ಮರೆಸಬಾರದು. ಆದರೆ "ನೀನು ನಮ್ಮ ಪಾಲಿಗೆ ಸತ್ತೆ" ಅನ್ನುವ ಮಾತನ್ನು ಮಲೆನಾಡಿನಲ್ಲಿ ಯಾವ ಜಾತಿಯ ಅಪ್ಪ ಆಡಿಲ್ಲ? ಒಕ್ಕಲಿಗರ ಮನೆಯಲ್ಲಿ, ದೀವರ ಮನೆಯಲ್ಲಿ, ಲಿಂಗಾಯತರ ಮನೆಯಲ್ಲಿ, ಮುಸ್ಲಿಮರ, ಕ್ರೈಸ್ತರ ಮನೆಯಲ್ಲಿ ನನ್ನ ಗೆಳತಿಯರು ಇದೇ ಮಾತು ಕೇಳಿಸಿಕೊಂಡಿದ್ದಾರೆ. ಒಬ್ಬಳ ನಂಬರನ್ನು ಮನೆಯವರೆಲ್ಲ ಬ್ಲಾಕ್ ಮಾಡಿದ್ದಾರೆ. ಇನ್ನೊಬ್ಬಳನ್ನು ಮನೆಯ ವಾಟ್ಸಾಪ್ ಗುಂಪಿನಿಂದ ತೆಗೆದು ಹಾಕಿದರು. ಅಪ್ಪ ಕೇಳಬೇಕಾದ ಮಾತು ಕೇಳದೆ, ಊರು ಹೇಳಿದ್ದನ್ನು ಕೇಳಿದ್ದು ಎಲ್ಲ ಕಡೆ ಒಂದೇ.

ಈ ಸಿನಿಮಾದ ಬಗ್ಗೆ ನನಗೆ ಒಂದು ತಕರಾರೂ ಇದೆ. ಎಲ್ಲವನ್ನೂ ನಾವು ನಾಣಿಯ ಕಣ್ಣಿನಿಂದ ನೋಡುತ್ತೇವೆ. ಅದರಿಂದಲೇ ಸಿನಿಮಾಕ್ಕೆ ಆ ಶಕ್ತಿ ಬಂದಿದೆ, ಒಪ್ಪುತ್ತೇನೆ. ಮಗುವಿಗೆ ತೀರ್ಪು ಕೊಡಲು ಬರುವುದಿಲ್ಲ, ಹಾಗಾಗಿ ನಮಗೂ ತೀರ್ಪಿನ ಹಿಂದೆ ಅಡಗಲು ಆಗುವುದಿಲ್ಲ. ಆದರೆ ಯಮುನಕ್ಕನಿಗೆ ಏನು ಬೇಕಿತ್ತು? ಮೇಷ್ಟ್ರ ಮೇಲೆ ಅವಳಿಗೆ ನಿಜವಾಗಿ ಪ್ರೀತಿ ಇತ್ತಾ, ಇಲ್ಲ ಆ ಮನೆಯಲ್ಲಿ ತನ್ನನ್ನು ಮನುಷ್ಯಳ ಹಾಗೆ ನೋಡಿದವನು ಅವನೊಬ್ಬನೇ ಅಂತಲಾ? ಆ ಮಗು ಅವಳಿಗೆ ಬೇಕಿತ್ತಾ? ಅಪ್ಪನ ಮೇಲೆ ಅವಳಿಗೆ ಸಿಟ್ಟಿತ್ತಾ, ಕನಿಕರವಿತ್ತಾ? ನಾಣಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಅವನನ್ನು ಅವನ ಅಪ್ಪ ಬಂದು ಮನೆಗೆ ಕರೆದುಕೊಂಡು ಹೋಗುತ್ತಾರೆ. ತಲೆ ಬೋಳಿಸಿಕೊಂಡ ಯಮುನಕ್ಕ ಒಬ್ಬಳೇ ಉಳಿಯುತ್ತಾಳೆ. ಹುಡುಗನ ಜೊತೆ ಕ್ಯಾಮೆರಾ ಕೂಡ ಹೊರಟುಬಿಡುತ್ತದೆ.

ಆದರೆ ಅವಳಿಗೆ ಮರುದಿನ ಅಂತ ಒಂದು ಇತ್ತಲ್ಲ. ಹೀಗೆ ಹೊರಗೆ ಹಾಕಿಸಿಕೊಂಡ ಹೆಂಗಸರು ಎಲ್ಲರೂ ಸಾಯಲಿಲ್ಲ. ಘಟ್ಟ ಇಳಿದು ಹೋದವರಿದ್ದಾರೆ, ಪೇಟೆಯ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದವರಿದ್ದಾರೆ, ಕಾಶಿ ದಾರಿ ಹಿಡಿದವರಿದ್ದಾರೆ. ಅವರ ಕಥೆ ಹೇಳಲು ನಮ್ಮಲ್ಲಿ ಹುಡುಗರು ಉಳಿದರು, ಅವರೇ ಉಳಿಯಲಿಲ್ಲ. ಕ್ಯಾಮೆರಾ ಯಮುನಕ್ಕನ ಜೊತೆ ಉಳಿದುಕೊಂಡ ಒಂದು ಕನ್ನಡ ಸಿನಿಮಾ ನನಗೆ ಬೇಕು. ಅವಳು ಎಲ್ಲಿ ಮಲಗಿದಳು, ಮೊದಲು ಯಾರು ಅನ್ನ ಹಾಕಿದರು, ಕೂದಲು ಮತ್ತೆ ಬೆಳೆಯುವ ಹೊತ್ತಿಗೆ ಎಲ್ಲಿದ್ದಳು, ಅಪ್ಪ ಸತ್ತ ಸುದ್ದಿ ಅವಳಿಗೆ ಯಾರು ಹೇಳಿದರು. ಅದನ್ನು ಒಬ್ಬ ಹೆಂಗಸು ಮಾಡಲಿ, ಇಲ್ಲೇ ತೀರ್ಥಹಳ್ಳಿಯ ಕಡೆಯವಳೇ ಮಾಡಲಿ. ಬೇಕಾದರೆ ನಮ್ಮ ಅತ್ತೆಯನ್ನು ಹೋಗಿ ಕೇಳಲಿ. ಅವಳು ಹೇಳುತ್ತಾಳೋ ಇಲ್ಲವೋ ಗೊತ್ತಿಲ್ಲ, ಆದರೆ ಕೇಳಿದವರು ಇಲ್ಲಿಯ ತನಕ ಯಾರೂ ಇಲ್ಲ.